ಮಗುಚಿದ ಮುಚ್ಚಳ

ಆಮೋಸ್ ರಿಸ್ಸರ್ ನಮ್ಮ ಅಡುಗೆಮನೆಯ ಬಾಗಿಲನ್ನು ಊರುಗೋಲಿನಿಂದ ಬಡಿದಾಗ ನಾನು ಕಂದು ಬ್ರೆಡ್ಡಿಗೆ ಕಾಕಂಬಿ ಸವರುತ್ತಿದ್ದೆ. ಮುದುಕನ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಆಲ್ಮಾ ಎಲ್ಲಿ ಡಾಕ್ಟ್ರೇ? ಕರೀರಿ ಬೇಗ. ಹಡಗಿನ ಮುಚ್ಚಳ ಮಗುಚಿ ಬಿದ್ದಿದೆ!"

ನನ್ನ ಕೈಯ ಬ್ರೆಡ್ಡು ತಟ್ಟೆಗೆ ಬಿತ್ತು. ಬೇರೆ ಊರಿನವರಿಗೆ ಇದು ನಗೆಪಾಟಲಿನ ಮಾತಾಗಿ ಕಾಣಬಹುದು. ನೋವಾ ಸ್ಕೋಶಿಯಾದ ಈ ಕರಾವಳಿಯಲ್ಲಿ, ಅದರಲ್ಲೂ ನಮ್ಮ ಹರ್ಮನ್ ಕೋವ್‌ನಲ್ಲಿ, ಯಾರೂ ನಗುವುದಿಲ್ಲ. ಹಡಗಿನ ಹೊಟ್ಟೆಯ ಬಾಯಿಗೆ ಹಾಕುವ ಮರದ ಮುಚ್ಚಳವನ್ನು ತೆಗೆದು ಪಕ್ಕಕ್ಕಿಡುವಾಗ ಅದರ ಬೆನ್ನು ಮೇಲೇ ಇರಬೇಕು. ಮಗುಚಿಟ್ಟರೆ ಕಡಲಿನಲ್ಲಿರುವ ನಮ್ಮವರ ಹಡಗೂ ಹಾಗೇ ಮಗುಚುತ್ತದೆ. ನಾನು ಓದಿದವನು, ಮೂವತ್ತು ವರ್ಷ ಈ ಊರಿನವರ ಹಲ್ಲು ಕಿತ್ತವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಮುಚ್ಚಳ ಮುಟ್ಟುವಾಗ ಎರಡು ಸಲ ನೋಡಿಕೊಂಡೇ ಇಡುತ್ತೇನೆ.

ಆಲ್ಮಾ ಕಾರ್ಕಮ್ ಮಹಡಿಯಿಂದ ಇಳಿದು ಬಂದಳು. ಅವಳು ನನ್ನ ಮನೆಯ ಮೇಲಂತಸ್ತಿನ ಬಾಡಿಗೆದಾರಳು. ಅವಳ ಗತ್ತು ನೋಡಿದವರು ನಾನೇ ಬಾಡಿಗೆಗಿದ್ದೇನೆ ಅಂದುಕೊಳ್ಳುತ್ತಾರೆ. ವಿಮೆ ಕಂಪನಿಯೊಂದರ ಪರವಾಗಿ ಮುಳುಗಿದ ಹಡಗುಗಳ ತನಿಖೆ ಮಾಡುತ್ತಲೇ ತಲೆ ನರೆಸಿಕೊಂಡವಳು. ಯಾವ ಹಡಗು ಬಿರುಗಾಳಿಗೆ ಮುಳುಗಿತು, ಯಾವುದನ್ನು ಯಜಮಾನನೇ ಮುಳುಗಿಸಿದ ಎಂದು ಹಲಗೆ ಮೂಸಿ ಹೇಳುತ್ತಿದ್ದಳಂತೆ. ನಿವೃತ್ತಿಯ ಮೇಲೆ ಊರಿನ ಸಣ್ಣಪುಟ್ಟ ಕಳ್ಳತನಗಳೆಲ್ಲ ಅವಳ ಪಾಲಿಗೆ, ಅವಳ ಜೊತೆ ತಿರುಗುವ ಕೆಲಸ ನನ್ನ ಪಾಲಿಗೆ ಬಂದಿದ್ದವು.

"ಮುಚ್ಚಳದ ಕೆಳಗೆ ಏನಿತ್ತು ಆಮೋಸ್?" ಎಂದಳು, ಶಾಲು ಹೊದೆಯುತ್ತ.

"ಆ ಮಾಂಟ್ರಿಯಲ್ ಹುಡುಗಿಯ ಮಾದರಿ. ಇಡೀ ಹೊಸ ಕಟ್ಟಡ ಹಡಗಿನ ಹೊಟ್ಟೇಲಿ ಕೂತಿದೆ!"

ನಮ್ಮ ಊರಿನ ಮೀನುಗಾರಿಕೆಯ ವಸ್ತುಸಂಗ್ರಹಾಲಯ ಹಳೆಯ ಬಂದರಿನಲ್ಲಿದೆ. ಹಾಯಿ ಹೊಲಿಯುತ್ತಿದ್ದ ಉದ್ದನೆಯ ಅಟ್ಟ, ಅದರ ಕೆಳಗೆ ಚೌಡರ್ ಎಂಬ ಮೀನಿನ ಗಟ್ಟಿ ಸಾರು ಬಡಿಸುವ ಅಡುಗೆಮನೆ, ಎದುರಿಗೆ ಹಗ್ಗ ಕಟ್ಟಿ ನಿಲ್ಲಿಸಿದ ‘ಎಡಿತ್ ರೋಸ್’ ಎಂಬ ಹಾಯಿಹಡಗು. ಆ ಹಡಗಿನ ಕಾವಲಿಗ ಆಮೋಸ್. ಬೇಸಿಗೆಯಲ್ಲಿ ನೋಡುಗರು ಮೈಮೇಲೆ ಬೀಳುವಷ್ಟು ಬರತೊಡಗಿದ್ದರಿಂದ ಸಂದರ್ಶಕರ ಕೇಂದ್ರವನ್ನು ದೊಡ್ಡದು ಮಾಡಬೇಕೆಂದು ತೀರ್ಮಾನವಾಗಿ, ವಿನ್ಯಾಸಕ್ಕೆ ನೊಯೆಲಿ ತಿಬೊಡೊ ಎಂಬ ಹುಡುಗಿಯನ್ನು ಕರೆಸಿದ್ದರು. ಅದು ಅವಳ ಮೊದಲ ದೊಡ್ಡ ಕೆಲಸ. ವಸಂತದಲ್ಲಿ ಅವಳು ತೋರಿಸಿದ ಮೊದಲ ಮಾದರಿಯಲ್ಲಿ ಅಡುಗೆಮನೆ ಇದ್ದ ಜಾಗಕ್ಕೆ ಟಿಕೆಟ್ ಕೋಣೆ ಬಂದಿತ್ತು. ನಿರ್ದೇಶಕರು ಅದನ್ನು ಇನ್ನೂ ದೊಡ್ಡದು ಮಾಡಿಕೊಂಡು ಬಾ ಎಂದಿದ್ದರು. ತಿದ್ದಿದ ಮಾದರಿಯನ್ನು ಅಂದು ಸಂಜೆಯೇ ಊರ ಸಭೆಯ ಮುಂದೆ ಇಡಬೇಕಿತ್ತು.

ಬಂದರಿಗೆ ಹೋದಾಗ ಮಂಜು ಇನ್ನೂ ನೀರಿನ ಮೇಲೆ ಕೂತಿತ್ತು. ಹಡಗಿನ ಮೇಲೆ ನಿರ್ದೇಶಕ ಫ್ಲೆಚರ್ ಹೇವುಡ್ ಅತ್ತಿಂದಿತ್ತ ಓಡಾಡುತ್ತಿದ್ದ. ಟೊರಾಂಟೊದಿಂದ ಬಂದು ವರ್ಷಗಳಾದರೂ ಅವನ ಬೂಟಿಗೆ ಇನ್ನೂ ಉಪ್ಪು ಹಿಡಿದಿರಲಿಲ್ಲ. ನೊಯೆಲಿ ಹಲಗೆಯ ಮೇಲೆ ಮೊಣಕಾಲೂರಿ ತನ್ನ ಮಾದರಿಯನ್ನು ನೋಡುತ್ತಿದ್ದಳು. ಹಗುರ ಮರದಲ್ಲಿ ಕೆತ್ತಿದ ಆ ಮಾದರಿ ಚಹಾ ಮೇಜಿನಷ್ಟು ಅಗಲವಿತ್ತು. ಹಳೇ ಹಾಯಿಬಟ್ಟೆಯಲ್ಲಿ ಸುತ್ತಿ ಕೆಳಗಿಳಿಸಿದ್ದರಿಂದ ಒಂದು ಚೂರೂ ಮುರಿದಿರಲಿಲ್ಲ. ಒಂದು ಕಡೆ ಮಾತ್ರ ಬಿದ್ದ ಹಲ್ಲಿನ ಸಂದಿಯಂತೆ ಚೌಕಾಕಾರದ ತೆರಪು ಕಾಣುತ್ತಿತ್ತು.

"ಟಿಕೆಟ್ ಕೋಣೆಯ ಭಾಗ," ಎಂದ ಫ್ಲೆಚರ್, ಬೆರಳು ತೋರಿಸಿ. "ತಿದ್ದಿ ತಾ ಅಂತ ಹೇಳಿದ್ದ ಭಾಗವೇ ಮಾಯ! ಏನರ್ಥ ಇದಕ್ಕೆ? ಮುಗಿಸೋಕೆ ಆಗಿಲ್ಲ. ಕಳ್ಳತನದ ನಾಟಕ ಆಡಿ ಸಭೆ ಮುಂದೂಡಿಸೋಣ ಅಂತ ಇವಳ ಲೆಕ್ಕಾಚಾರ."

"ಮುಗಿಸಿದ್ದೆ," ಎಂದಳು ನೊಯೆಲಿ. ಧ್ವನಿ ಗಟ್ಟಿಯಾಗಿತ್ತು. "ನಿನ್ನೆ ಸಂಜೆ ಅಟ್ಟದಲ್ಲಿ ಕೂರಿಸಿ, ಬೀಗ ಹಾಕಿ ಊಟಕ್ಕೆ ಹೋದೆ."

"ನಕಾಶೆ ತೋರ್ಸು ಹಾಗಾದ್ರೆ."

"ನಾನು ಮೊದಲು ಕೈಯಲ್ಲಿ ಕೆತ್ತೋದು, ಆಮೇಲೆ ಗೆರೆ ಎಳೆಯೋದು."

"ಹಡಗು ಕಟ್ಟೋರೂ ಹಾಗೇ ಮಾಡ್ತಿದ್ರು," ಎಂದು ಆಮೋಸ್ ಗೊಣಗಿದ. ಫ್ಲೆಚರ್ ಅವನ ಕಡೆ ತಿರುಗಲೂ ಇಲ್ಲ.

"ಅಟ್ಟದ ಬೀಗದ ಕೈ ನಾಲ್ಕು ಜನರ ಹತ್ರ ಇದೆ. ನಾನು, ಇವಳು, ಆಮೋಸ್, ಅಡುಗೆಮನೆಯ ಬ್ಯೂಲಾ. ಮುಚ್ಚಳ ಮಗುಚಿಟ್ಟಿದ್ದಾರೆ. ಈ ಊರಿನವರು ತಮ್ಮ ತಾಯಾಣೆಗೂ ಹಾಗೆ ಮಾಡಲ್ಲ ಅಂತ ನೀವೇ ಹೇಳ್ತೀರಿ. ಅಂದಮೇಲೆ ಹೊರಗಿನವರ ಕೆಲಸ ತಾನೇ? ನಾನು ಮಾಡಿಲ್ಲ. ಇನ್ನು ಉಳಿದೋರು ಯಾರು? ಸಂಜೆ ಸಭೇಲಿ ಇವಳ ಗುತ್ತಿಗೆ ರದ್ದು ಅಂತ ಹೇಳೋನೇ ನಾನು."

ನೊಯೆಲಿಯ ತುಟಿ ಬಿಗಿಯಿತು. ಮೊದಲ ಕೆಲಸದಲ್ಲೇ ಮೋಸಗಾತಿ ಎಂಬ ಹೆಸರು ಬಂದರೆ ಮತ್ತೆ ಯಾರು ಕರೆಯುತ್ತಾರೆ? ನನಗೆ ಅಯ್ಯೋ ಅನ್ನಿಸಿತು. ಫ್ಲೆಚರನ ಬಾಯಿಗೆ ನನ್ನ ಹಳೆಯ ಇಕ್ಕಳ ಹಾಕಬೇಕು ಅಂತಲೂ ಅನ್ನಿಸಿತು.

"ಆ ಭಾಗದಲ್ಲಿ ಏನಿತ್ತಮ್ಮ?" ಎಂದು ಆಲ್ಮಾ ಮೆಲ್ಲಗೆ ಕೇಳಿದಳು.

"ತೋರಿಸ್ದೆ ಹೇಳಿದ್ರೆ ಅದು ಬರೀ ಬಾಯಿಮಾತು. ಇವರು ಕೇಳಿದ್ದನ್ನ ನಾನು ಮಾಡಿಲ್ಲ, ಅಷ್ಟು ಮಾತ್ರ ಹೇಳ್ತೀನಿ."

"ನೋಡಿದ್ರಾ! ಒಪ್ಕೊಂಡ್ಳು!" ಎಂದ ಫ್ಲೆಚರ್.

ಆಲ್ಮಾ ಹಲಗೆಯ ಮೇಲೆ ಕಣ್ಣಾಡಿಸಿದಳು. ಮಗುಚಿದ ಮುಚ್ಚಳದ ಪಕ್ಕದಲ್ಲಿ, ಮಾದರಿಯನ್ನು ಕೆಳಗಿಳಿಸಿದ ಹಗ್ಗ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಿತ್ತು. ಸೂರ್ಯ ಹೋಗುವ ದಿಕ್ಕಿಗೆ ಸುತ್ತಿದ ಅಚ್ಚುಕಟ್ಟಾದ ಬಲಸುತ್ತು.

"ಇದನ್ನ ನೀನು ಸುತ್ತಿಟ್ಟೆಯಾ ಆಮೋಸ್?"

"ನಾನು ಏನನ್ನೂ ಮುಟ್ಟಿಲ್ಲ. ಮುಚ್ಚಳ ನೋಡಿದವನೇ ನಿಮ್ಮನೇಗೆ ಓಡಿ ಬಂದೆ. ಓಡಿ ಏನು ಬಂತು, ಕುಂಟ್ಕೊಂಡು ಬಂದೆ. ಸೊಂಟದ ಆಪರೇಷನ್ ಆದಮೇಲೆ ಅಟ್ಟದ ಮೆಟ್ಟಿಲು ಹತ್ತಿಲ್ಲ ನಾನು."

ಹಡಗಿನ ಬಾಯಿಯ ಕಟ್ಟೆಗೆ ಬಡಿದ ಕಬ್ಬಿಣದ ಬಳೆಯಲ್ಲಿ ಬಿಳಿ ಎಳೆಯೊಂದು ಸಿಕ್ಕಿಕೊಂಡಿತ್ತು. ಹಾಯಿಬಟ್ಟೆಯಿಂದ ಬಿಟ್ಟುಕೊಂಡ ದಾರವಿರಬೇಕೆಂದು ನಾನು ಕೀಳಲು ಹೋದೆ. ಆಲ್ಮಾ ಫಟ್ಟನೆ ನನ್ನ ಕೈಗೆ ಹೊಡೆದಳು.

"ಕಂಡದ್ದನ್ನೆಲ್ಲ ಕೀಳೋಕೆ ಅದೇನು ಹಲ್ಲಾ ಸೈಲಸ್? ಸುಮ್ನಿರು." ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು, "ಸಂಜೆವರೆಗೂ ಇಲ್ಲಿ ಯಾರೂ ಏನೂ ಮುಟ್ಟಬಾರದು. ಮುಚ್ಚಳ ಹೇಗಿದೆಯೋ ಹಾಗೇ ಇರಲಿ."

"ಹಾಗೇನಾ?" ಆಮೋಸ್ ಹೌಹಾರಿದ. "ನಮ್ಮ ಹುಡುಗರು ಕಡಲ ಮೇಲಿದ್ದಾರೆ ತಾಯಿ!"

"ಇರಲಿ ಅಂದೆನಲ್ಲ."

ಅವಳ ಈ ಮೊಂಡುತನ ನನಗೂ ಹಿಡಿಸಲಿಲ್ಲ.

ಮಧ್ಯಾಹ್ನ ಸಂಗ್ರಹಾಲಯದ ಅಡುಗೆಮನೆಗೆ ಊಟಕ್ಕೆ ಹೋದೆವು. ಬ್ಯೂಲಾ ಐಸ್ನೋರ್ ಗಂಡ ಕಡಲುಪಾಲಾದ ಮೇಲೆ ಆ ಅಡುಗೆಮನೆಯನ್ನೇ ಮನೆ ಮಾಡಿಕೊಂಡವಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ತೋಳು, ಕೂತಾಗ ಕೈಯಲ್ಲಿ ಸದಾ ಹೆಣಿಗೆ. ಅವಳು ಹೆಣೆದ ಬಿಳಿ ಕೈಗವಸುಗಳೇ ಸಂಗ್ರಹಾಲಯದ ಅಂಗಡಿಯಲ್ಲಿ ಮಾರಾಟವಾಗುತ್ತವೆ. ನಮ್ಮ ಮೀನುಗಾರರು ಬೂದು ಕೈಗವಸು ಹಾಕಿಕೊಂಡು ಹಡಗು ಹತ್ತುವುದಿಲ್ಲ, ಬಿಳಿಯದೇ ಬೇಕು. ಬಂದರಿನ ಬಾಯಿಗೆ ಎದುರಾದ ಕಿಟಕಿಯ ಹತ್ತಿರ ಉದ್ದನೆಯ ಬೆಂಚು. ಉಣ್ಣೆಯ ಉಂಡೆಗಳು ಬೆಂಚಿನ ಮೇಲೆ, ಬುಟ್ಟಿಯಲ್ಲಿ, ಕಿಟಕಿಯ ಚಿಲಕದಲ್ಲೂ ಒಂದು ಎಳೆ. ಈ ಹೆಂಗಸು ಸತ್ತರೆ ಉಣ್ಣೆಯಲ್ಲೇ ಸುತ್ತಿ ಮಣ್ಣು ಮಾಡಬೇಕು ಅಂದುಕೊಂಡೆ.

ಹೊಸ ಕಟ್ಟಡ ಬಂದರೆ ಈ ಅಡುಗೆಮನೆ ಹೋಗುತ್ತದೆಂದು ಗೊತ್ತಾದ ದಿನ ಬ್ಯೂಲಾ ಒಂದು ಕೆಟ್ಟ ಮಾತೂ ಆಡಿರಲಿಲ್ಲ. "ಕಾಲ ಬದಲಾಗತ್ತೆ, ನಾವೂ ಬದಲಾಗ್ಬೇಕು" ಎಂದು ನೊಯೆಲಿಗೆ ಬೆರಿಹಣ್ಣಿನ ಕೇಕು ಬಡಿಸಿದ್ದಳು. ಎಂಥ ದೊಡ್ಡ ಮನಸ್ಸು ಎಂದು ನಾನೇ ಹೊಗಳಿದ್ದೆ.

ಚೌಡರ್ ಒಂದು ಚಮಚ ಬಾಯಿಗಿಟ್ಟವನು ನೀರಿಗಾಗಿ ತಡಕಾಡಿದೆ. ಬರೀ ಉಪ್ಪು!

"ಬ್ಯೂಲಾ, ಇವತ್ತು ಕಡಲನ್ನೇ ಕುದಿಸಿಬಿಟ್ಟೆಯಾ?"

"ಏನೋ ಡಾಕ್ಟ್ರೇ, ಕೈ ತಪ್ತು." ಅವಳ ಕಣ್ಣು ಕಿಟಕಿಯ ಕಡೆಗಿತ್ತು. "ಆಲ್ಮಾ, ಆ ಮುಚ್ಚಳ ಇನ್ನೂ ಹಾಗೇ ಇದೆಯಾ?"

"ಹಾಗೇ ಇದೆ."

"ತೆಗೆದಿಡಬಾರದಾ?"

"ಸಂಜೆಗೆ. ಡೇಲ್ ಯಾವತ್ತು ಬರ್ತಾನೆ?"

"ನನ್ನ ಮಗ ತಾನೆ? ಚಿಪ್ಪುಮೀನಿನ ಹಡಗಲ್ಲಿ ಹೋಗಿದ್ದಾನೆ. ವಾರದ ಕೊನೆಗೆ ಬರಬಹುದು." ಇನ್ನೊಂದು ಸಲ ಚೌಡರ್ ಪಾತ್ರೆಗೆ ಕೈ ಹಾಕಿ, ಮತ್ತೆ ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡಳು. ನಾನು ಪಾತ್ರೆಗೆ ಕೈ ಅಡ್ಡ ಹಿಡಿದೆ.

ಊಟವಾದ ಮೇಲೆ ಆಲ್ಮಾ ವಿಚಿತ್ರವಾಗಿ ಆಡತೊಡಗಿದಳು. ಉಗ್ರಾಣದಿಂದ ಒಂದು ಹಗ್ಗ ತಂದು ಫ್ಲೆಚರನ ಕಚೇರಿಯ ಬಾಗಿಲಲ್ಲಿ ಚೆಲ್ಲಿ, "ಸ್ವಲ್ಪ ಎತ್ತಿಡಪ್ಪ" ಎಂದಳು. ಅವನು ಫೋನಿನಲ್ಲಿ ಮಾತಾಡುತ್ತಲೇ ಕಾಲಿನಿಂದ ಮೂಲೆಗೆ ನೂಕಿದ. ಅದನ್ನೇ ಅಟ್ಟಕ್ಕೆ ಹೊತ್ತು ನೊಯೆಲಿಗೆ ಕೊಟ್ಟಳು. ಆ ಹುಡುಗಿ ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಗಂಟು ಹಾಕಿ ಕೊಟ್ಟಳು.

"ಏನು ನಡೀತಿದೆ ಆಲ್ಮಾ?" ಎಂದೆ ಮೆಟ್ಟಿಲಿಳಿಯುತ್ತ.

"ಹಲ್ಲು ಎಣಿಸ್ತಿದ್ದೀನಿ," ಎಂದಳು. ಕಣ್ಣಲ್ಲಿ ಆ ಹಳೆಯ ಹೊಳಪು ಕಂಡು ನನಗೆ ಧೈರ್ಯ ಬಂತು.

ಸಭೆಗೆ ಇನ್ನೂ ಹೊತ್ತಿರುವಾಗಲೇ ಅವಳು ನಾಲ್ವರನ್ನೂ ‘ಎಡಿತ್ ರೋಸ್’ ಮೇಲೆ ಕರೆಸಿದಳು. ಮಂಜು ಹರಿದು ಬಂದರು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಮುಚ್ಚಳ ಬೆಳಿಗ್ಗೆ ಇದ್ದಂತೆಯೇ ಮಗುಚಿ ಬಿದ್ದಿತ್ತು. ಬ್ಯೂಲಾ ಅದರ ಕಡೆ ನೋಡದೆ ಹಡಗಿನ ಅಂಚು ಹಿಡಿದು ನಿಂತಳು.

"ನಿಮ್ಮ ಮಾತು ಅರ್ಧ ಸರಿ ಫ್ಲೆಚರ್," ಎಂದು ಆಲ್ಮಾ ಶುರುಮಾಡಿದಳು. "ಈ ಊರಿನವರು ಮರೆತು ಮುಚ್ಚಳ ಮಗುಚಲ್ಲ. ಅದನ್ನ ನೋಡಿ ಹೊರಗಿನವಳು ಅಂದ್ರಿ. ಆದರೆ ಅಲ್ಲೇ ಪಕ್ಕದಲ್ಲಿದ್ದ ಹಗ್ಗ ನೋಡಲಿಲ್ಲ. ಸೂರ್ಯನ ದಿಕ್ಕಿಗೆ ಬಲಸುತ್ತು ಸುತ್ತಿ, ಗೂಟಕ್ಕೆ ಹಾಕಿದ್ದಾರೆ. ಅದು ಕಲಿತು ಮಾಡೋ ಕೆಲಸ ಅಲ್ಲ, ಚಿಕ್ಕಂದಿನಲ್ಲಿ ಅಪ್ಪನ ಬೈಗುಳ ತಿಂದು ಕೈಗೆ ಹತ್ತೋ ಕೆಲಸ. ನೊಯೆಲಿ ಹಗ್ಗವನ್ನ ಮೊಣಕೈಗೆ ಸುತ್ತುತ್ತಾಳೆ. ನೀವು ಕಾಲಲ್ಲಿ ಒದೀತೀರಿ."

"ಅದಕ್ಕಾ ಅದನ್ನ ನನ್ನ ಬಾಗಿಲಿಗೆ ತಂದು ಹಾಕಿದ್ದು!"

"ಅದಕ್ಕೇ. ಕೈ ಊರಿನದು, ಮುಚ್ಚಳ ಮಾತ್ರ ಹೊರಗಿನವರ ಥರ. ಎರಡೂ ಕೂಡೋದು ಒಂದೇ ರೀತಿ: ಊರಿನವರೇ ಬೇಕು ಅಂತ ಮುಚ್ಚಳ ಮಗುಚಿದ್ರು, ಹೊರಗಿನವಳ ತಲೆಗೆ ಕಟ್ಟೋಕೆ."

ಆಮೋಸ್ ಊರುಗೋಲನ್ನು ಕುಟ್ಟಿದ. "ಬೀಗದ ಕೈ ಇರೋ ಊರಿನವರು ಅಂದ್ರೆ ನಾನು, ಬ್ಯೂಲಾ. ನನ್ನ ಮೇಲೆ ಅನುಮಾನಾನಾ?"

"ನೀನು ಅಟ್ಟದ ಮೆಟ್ಟಿಲು ಹತ್ತಲಾರೆ. ಊರುಗೋಲು ಹಿಡಿದ ಕೈಯಲ್ಲಿ ಆ ಮಾದರಿ ಹೊತ್ತು ತರೋದೂ ಆಗಲ್ಲ."

ಬ್ಯೂಲಾ ನೇರವಾಗಿ ನಿಂತಳು. "ಉಳಿದೋಳು ನಾನು ಅಂತ ತಾನೆ? ನನ್ನ ಮಗ ಕಡಲಲ್ಲಿದ್ದಾನೆ ಆಲ್ಮಾ. ಹೆತ್ತವಳು ಮುಚ್ಚಳ ಮಗುಚ್ತಾಳಾ?"

ಅದು ನಿಜವಾಗಿಯೂ ಗಟ್ಟಿ ಮಾತು. ಆಲ್ಮಾ ಈ ಸಲ ಎಡವಿದಳು ಎಂದೇ ನಾನು ಭಾವಿಸಿದೆ.

"ನನ್ನನ್ನೂ ಮಧ್ಯಾಹ್ನದವರೆಗೆ ಕಾಡಿದ್ದು ಅದೇ," ಎಂದಳು ಆಲ್ಮಾ. "ಇರಲಿ, ಮೊದಲು ಆಮೋಸನ ಸಂಕಟ ಮುಗಿಸೋಣ. ಈ ಮುಚ್ಚಳ ಸರಿಮಾಡಿ ಹಾಕೋಣ. ಅದಕ್ಕೂ ಮುಂಚೆ ಈ ಕಸ ತೆಗೀಬೇಕು." ಜೇಬಿನಿಂದ ಕತ್ತರಿ ತೆಗೆದು, ಬಗ್ಗಿ, ಕಬ್ಬಿಣದ ಬಳೆಯಲ್ಲಿದ್ದ ಬಿಳಿ ಎಳೆಗೆ ಹಚ್ಚಿದಳು.

"ಬೇಡ!" ಬ್ಯೂಲಾಳ ಚೀರಾಟಕ್ಕೆ ನೀರಿನ ಮೇಲಿನ ಹಕ್ಕಿಗಳು ಎದ್ದವು. ಅವಳು ಹಲಗೆ ದಾಟಿ ಬಂದು ಆಲ್ಮಾಳ ಮಣಿಕಟ್ಟು ಹಿಡಿದಿದ್ದಳು. "ಕತ್ತರಿಸ್ಬೇಡ ಕಣೇ! ಮುಚ್ಚಳ ಇನ್ನೂ ಮಗುಚೇ ಇದೆ. ಡೇಲ್ ನೀರ ಮೇಲಿದ್ದಾನೆ!"

ಆಲ್ಮಾ ಕತ್ತರಿಯನ್ನು ನಿಧಾನವಾಗಿ ಮಡಚಿ ಜೇಬಿಗೆ ಹಾಕಿಕೊಂಡಳು.

"ನಾನು ಕತ್ತರಿಸ್ತಿರಲಿಲ್ಲ ಬ್ಯೂಲಾ. ನಮ್ಮಮ್ಮನೂ ಕಟ್ತಿದ್ಲು."

ನನಗೆ ಫಕ್ಕನೆ ನನ್ನ ತಾಯಿ ನೆನಪಾದಳು. ಅಪ್ಪನ ಹಡಗು ಹೊರಟ ದಿನ ಅಡುಗೆಮನೆಯ ಚಿಲಕಕ್ಕೆ ಏನನ್ನೋ ಕಟ್ಟುತ್ತಿದ್ದಳು. ಏನಮ್ಮ ಅದು ಎಂದರೆ, ಗಂಡಸರಿಗೆ ಹೇಳೋದಲ್ಲ ಎಂದು ಅಟ್ಟುತ್ತಿದ್ದಳು. ಮಧ್ಯಾಹ್ನ ಬ್ಯೂಲಾಳ ಕಿಟಕಿಯ ಚಿಲಕದಲ್ಲಿ ಅದನ್ನೇ ಕಂಡಿದ್ದೆ, ಉಣ್ಣೆಯ ಕಸ ಎಂದುಕೊಂಡಿದ್ದೆ. ಕಣ್ಣಿದ್ದೂ ಕುರುಡ ಎಂದರೆ ಇದೇ.

"ಬಿಳಿ ಉಣ್ಣೆಯ ಎಳೆ," ಎಂದು ಆಲ್ಮಾ ಉಳಿದವರಿಗೆ ವಿವರಿಸಿದಳು. "ಕಡಲಿಗೆ ಹೋದವರು ಕ್ಷೇಮವಾಗಿ ಬರಲಿ ಅಂತ ಈ ಊರ ಹೆಂಗಸರು ಕಟ್ಟೋದು. ಗಂಡಸರಿಗೆ ಗೊತ್ತಿಲ್ಲ, ಅದಕ್ಕೇ ಆಮೋಸ್ ಕೂಡ ಗುರುತಿಸಲಿಲ್ಲ. ನೊಯೆಲಿಯ ಮೇಲೆ ತಪ್ಪು ಹೊರಿಸಬೇಕು ಅಂತ ಬ್ಯೂಲಾ ಮುಚ್ಚಳವನ್ನೇನೋ ಮಗುಚಿದಳು, ಆದರೆ ಹಾಗೇ ಬಿಟ್ಟು ಹೋಗೋಕೆ ಕಾಲು ಬರಲಿಲ್ಲ. ಮಗನಿಗೆ ಏನೂ ಆಗದಿರಲಿ ಅಂತ ಎಳೆ ಕಟ್ಟಿದಳು. ಮನೇಲಿ ಕಡಲಿಗೆ ಹೋದವರು ಇಲ್ಲದಿದ್ರೆ ಅದನ್ನ ಯಾರು ಕಟ್ತಾರೆ? ಇವತ್ತು ಚೌಡರಿಗೆ ಬಿದ್ದ ಉಪ್ಪೂ ಅದೇ ಭಯದ್ದು. ಮುಚ್ಚಳವನ್ನ ದಿನವಿಡೀ ಹಾಗೇ ಇರಿಸಿದ್ದು ನಾನು. ಅದು ಕ್ರೂರವೇ. ಕ್ಷಮಿಸು."

ಬ್ಯೂಲಾ ಕಟ್ಟೆಯ ಮೇಲೆ ಕುಸಿದಳು. "ಯಾರಾದ್ರೂ ಒಂದು ಮಾತು ಕೇಳಿದ್ರಾ ನನ್ನ?" ಎಂದಳು. ಅಳುತ್ತಿರಲಿಲ್ಲ, ಸಿಟ್ಟೇ ಹೆಚ್ಚಿತ್ತು. "ಆ ಕಿಟಕಿ ಹತ್ರ ನಿಂತು ನನ್ನತ್ತೆ ಕಾದಳು, ನಾನು ಕಾದೆ. ನನ್ನ ಗಂಡನ ಹಡಗು ಬರದ ದಿನಾನೂ ಅಲ್ಲೇ ನಿಂತಿದ್ದೆ. ಅಲ್ಲಿ ಟಿಕೆಟ್ ಹರೀತಾರಂತೆ! ಕೇಕು ಬಡಿಸಿ ನಕ್ಕೆ, ಇನ್ನೇನು ಮಾಡ್ಲಿ? ನಿನ್ನೆ ಮಬ್ಬಲ್ಲಿ ಅಟ್ಟಕ್ಕೆ ಹೋದೆ. ಒಡೆಯೋಕೆ ಮನಸ್ಸು ಬರಲಿಲ್ಲ, ಕೈಯಾರೆ ಕೆತ್ತಿದ ವಸ್ತು. ಆ ಟಿಕೆಟ್ ಕೋಣೆ ಮಾತ್ರ ಕಿತ್ಕೊಂಡೆ. ಅದನ್ನ ತಿರುಗಿಸಿ ನೋಡೋಕೂ ಆಗಲಿಲ್ಲ, ಹಿಟ್ಟಿನ ಡಬ್ಬಿಗೆ ಹಾಕ್ಬಿಟ್ಟೆ."

"ಪೊಲೀಸರಿಗೆ ಹೇಳ್ಬೇಕು," ಎಂದ ಫ್ಲೆಚರ್, ಆದರೆ ಧ್ವನಿಯಲ್ಲಿ ಬೆಳಗಿನ ಕಸುವು ಇರಲಿಲ್ಲ.

"ಕಳುವಾಗಿದ್ದು ನನ್ನ ವಸ್ತು," ಎಂದಳು ನೊಯೆಲಿ. "ನಾನು ದೂರು ಕೊಡಲ್ಲ. ಬ್ಯೂಲಾ ಅವರೇ, ಆ ಡಬ್ಬಿ ತರ್ತೀರಾ? ಇವರೆಲ್ಲರ ಮುಂದೆ ನೀವೇ ತೆಗೀಬೇಕು."

ಬ್ಯೂಲಾ ಡಬ್ಬಿ ತಂದಳು. ಹಿಟ್ಟಿನೊಳಗೆ ಕೈ ಹಾಕಿ, ಅಂಗೈಯಗಲದ ಮರದ ತುಂಡನ್ನು ತೆಗೆದು ಏಪ್ರನ್ನಿನಿಂದ ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು.

ಅದರಲ್ಲಿ ಟಿಕೆಟ್ ಕೋಣೆ ಇರಲಿಲ್ಲ. ಒಲೆಯಿತ್ತು, ಉದ್ದನೆಯ ಬೆಂಚಿತ್ತು, ಬಂದರಿನ ಬಾಯಿಗೆ ಎದುರಾಗಿ ಈಗಿರುವುದಕ್ಕಿಂತ ಅಗಲವಾದ ಕಿಟಕಿಯಿತ್ತು. ಟಿಕೆಟ್ ಮೇಜನ್ನು ನೊಯೆಲಿ ಹೊರಗಿನ ಜಗುಲಿಗೆ ಅಟ್ಟಿದ್ದಳು. ಕಿಟಕಿಯ ಚಿಲಕವಿರಬೇಕಾದ ಕಡೆ, ಗುಂಡುಸೂಜಿಯ ತಲೆಗೆ, ಕೂದಲಿನಷ್ಟು ಸಣ್ಣ ಬಿಳಿ ಎಳೆಯೊಂದು ಕಟ್ಟಿತ್ತು.

"ಮೊದಲೇ ಹೇಳಿದ್ರೆ ಹೇವುಡ್ ಅವರು ಇದನ್ನ ಸಭೆಗೇ ಬಿಡ್ತಿರಲಿಲ್ಲ," ಎಂದಳು ನೊಯೆಲಿ. "ಎದುರಿಗೆ ಇಟ್ಟು ತೋರಿಸಿ ಒಪ್ಪಿಸೋಣ ಅಂದ್ಕೊಂಡಿದ್ದೆ."

"ಈ ಎಳೆ," ಎಂದಳು ಬ್ಯೂಲಾ. "ಇದು ಏನು ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ. ನೀವು ದಿನಾ ಅಲ್ಲಿ ನಿಂತಾಗ ಅದನ್ನ ಮುಟ್ಟೋದು ನೋಡಿದ್ದೆ. ಅದಿಲ್ದೆ ಆ ಕಿಟಕಿ ನಿಮ್ಮದಾಗಲ್ಲ ಅನ್ನಿಸ್ತು."

ಬ್ಯೂಲಾ ಆಗ ಅತ್ತಳು. ನೊಯೆಲಿಯ ಕೈ ಹಿಡಿದುಕೊಂಡು, ತಪ್ಪಾಯ್ತು ಮಗಳೇ, ತಪ್ಪಾಯ್ತು ಎಂದಳು. ನನಗೂ ಕಣ್ಣು ತುಂಬಿತು, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಆಮೋಸ್ ಮಾತ್ರ ಅಷ್ಟರಲ್ಲಿ ನನ್ನನ್ನು ಕರೆದ, ಇಬ್ಬರೂ ಸೇರಿ ಮುಚ್ಚಳವನ್ನು ಎತ್ತಿ ಸರಿಯಾಗಿ ಕೂರಿಸಿದೆವು. ಅವನು ಅದರ ಬೆನ್ನು ತಟ್ಟಿದ.

ಸಂಜೆಯ ಸಭೆಯಲ್ಲಿ ಮಾದರಿಯ ಆ ತೆರಪಿಗೆ ತುಂಡನ್ನು ಕೂರಿಸಿದವಳು ಬ್ಯೂಲಾ. ತಾನು ಮಾಡಿದ್ದನ್ನು ಊರ ಮುಂದೆ ತಾನೇ ಹೇಳಿದಳು, ಆಮೇಲೆ ವಿನ್ಯಾಸಕ್ಕೆ ಮೊದಲ ಕೈ ಎತ್ತಿದಳು. ಎರಡನೆಯ ಕೈ ಫ್ಲೆಚರನದು. ಅವನು ನೊಯೆಲಿಯ ಕ್ಷಮೆ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ, ಹಲ್ಲು ಕೀಳಿಸಿಕೊಳ್ಳುವವನ ಮುಖವಿತ್ತು. ವಾರದ ಕೊನೆಗೆ ಡೇಲ್ ಹಡಗು ತುಂಬ ಚಿಪ್ಪುಮೀನು ಹೊತ್ತು ಬಂದ.

ಈಗ ಹೊಸ ಕೇಂದ್ರಕ್ಕೆ ಬರುವವರೆಲ್ಲ ಆ ಅಗಲವಾದ ಕಿಟಕಿಯ ಮುಂದೆ ಬೆಂಚಿನಲ್ಲಿ ಕೂತು ಚೌಡರ್ ಕುಡಿಯುತ್ತಾರೆ, ಉಪ್ಪು ಹದವಾಗಿರುತ್ತದೆ. ಕೇಂದ್ರ ತೆರೆದ ದಿನ ಬ್ಯೂಲಾ ನೊಯೆಲಿಯನ್ನು ಆ ಕಿಟಕಿಗೆ ಕರೆದು, ಅವಳ ಕೈಗೆ ಬಿಳಿ ಉಣ್ಣೆ ಕೊಟ್ಟು, ಕಟ್ಟುವಾಗ ಹೇಳುವ ಮಾತನ್ನು ಕಿವಿಯಲ್ಲಿ ಹೇಳಿಕೊಟ್ಟಳು. ನಾನು ಕತ್ತು ಚಾಚಿದೆ.

"ಗಂಡಸರು ಆ ಕಡೆ ತಿರುಗಿ," ಎಂದಳು ಆಲ್ಮಾ.

ನಾನು ತಿರುಗಿದೆ.